ಬೆಳಕಿಗೆ ಸಿಗದ ತಂತಿ

ಪಾರ್ಕಿನ ಉಯ್ಯಾಲೆ ಹತ್ತಬೇಕಾದರೆ ಮಕ್ಕಳಿಗೆ ಮೊದಲು ಜಗ್ಗಣ್ಣನ ಅಪ್ಪಣೆ ಬೇಕು. ಈ ಅಧಿಕಾರವನ್ನು ಅವನಿಗೆ ಯಾರೂ ಕೊಟ್ಟದ್ದಲ್ಲ, ತಾನಾಗಿ ಮೈಮೇಲೆ ಹಾಕಿಕೊಂಡದ್ದು. ಬಿಸಿಲು ಇಳಿಯುತ್ತಿದ್ದಂತೆ ಬರುತ್ತಾನೆ. ಒಂದೊಂದು ಸರಪಳಿಯನ್ನೂ ಎರಡು ಕೈಯಲ್ಲಿ ಹಿಡಿದು ಜಗ್ಗುತ್ತಾನೆ, ಕೊಂಡಿಗಳ ಮೇಲೆ ಹೆಬ್ಬೆರಳು ಆಡಿಸುತ್ತಾನೆ, ಆಮೇಲೆ ಅಲ್ಲಾಡಿಸಿ ಕಿವಿಗೊಟ್ಟು ಕೇಳುತ್ತಾನೆ. ಮಕ್ಕಳು ಸಾಲಾಗಿ ನಿಂತು "ಆಯ್ತಾ ತಾತ, ಆಯ್ತಾ ತಾತ" ಎಂದು ಕಾಲು ಕುಟ್ಟುತ್ತವೆ. ತಾತ ಅನ್ನಿಸಿಕೊಳ್ಳುವಷ್ಟು ವಯಸ್ಸು ಅವನಿಗೆ ಆಗಿಲ್ಲ. ಆದರೆ ಮಕ್ಕಳು ಲೆಕ್ಕ ಹಾಕುವುದು ಮುಖ ನೋಡಿ, ಆ ಲೆಕ್ಕದಲ್ಲಿ ತಪ್ಪಿಲ್ಲ.

ಒಂದು ಸಂಜೆ ಒಬ್ಬಳು ಚೂಟಿ ಹುಡುಗಿ, "ಜಗ್ಗಿದ್ರೆ ಏನು ಗೊತ್ತಾಗುತ್ತೆ? ನೀನೇ ಕೂತು ನೋಡು ತಾತ" ಎಂದಳು. ಹಲಗೆಯಲ್ಲಿ ಹಾವು ಕಂಡವನಂತೆ ಜಗ್ಗಣ್ಣ ಹಿಂದಕ್ಕೆ ಸರಿದ.

"ನಾನು ಕೂರಬಾರ್ದು ಪುಟ್ಟಾ. ನಾನು ಕೂತಮೇಲೆ ನೀವ್ಯಾರೂ ಕೂರಬಾರ್ದು."

ಮಕ್ಕಳು ಬಿದ್ದು ಬಿದ್ದು ನಕ್ಕವು. ಅವನು ನಗಲಿಲ್ಲ.

ರಸ್ತೆಯಲ್ಲೂ ಅದೇ ಕಥೆ. ಗೋಡೆಗೆ ಬಣ್ಣ ಬಳಿಯುವವರ ಹಗ್ಗ, ಲಾರಿಯ ಹೊರೆಗೆ ಬಿಗಿದ ಹಗ್ಗ, ಯಾರದೋ ಮನೆಯ ಬಟ್ಟೆ ಒಣಗಿಸುವ ತಂತಿ, ಯಾವುದು ಸಿಕ್ಕಿದರೂ ಅವನ ಕೈ ಅಲ್ಲಿಗೆ ಹೋಗುತ್ತದೆ. ಒದ್ದೆ ಸೀರೆಯ ತುದಿ ಹಿಡಿದು ನಿಂತವನನ್ನು ಕಂಡು ಆ ಮನೆಯ ಹೆಂಗಸು ಬೈದದ್ದೂ ಉಂಟು. ಅವನಿಗೆ ತಲೆ ಕೆಟ್ಟಿದೆ ಎನ್ನುತ್ತಾರೆ ಜನ. ತಲೆ ಕೆಟ್ಟಿದ್ದರೆ ಅವನು ಎಷ್ಟೋ ಸುಖವಾಗಿರುತ್ತಿದ್ದ. ಅವನ ತಲೆ ನೆಟ್ಟಗಿದೆ, ಎಲ್ಲವನ್ನೂ ಅಚ್ಚುಕಟ್ಟಾಗಿ ನೆನಪಿಟ್ಟುಕೊಂಡಿದೆ. ಅವನ ಕಷ್ಟವೇ ಅದು.

ಜಗ್ಗಣ್ಣ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ನಾಟಕದ ಥಿಯೇಟರಿನಲ್ಲಿ ಅಂಟಿಕೊಂಡದ್ದು. ಮನುಷ್ಯರನ್ನು ಹಾರಿಸುವುದು ಅಲ್ಲಿ ಅವನ ಕೆಲಸವಾಗಿತ್ತು. ಆಕಾಶದಿಂದ ಇಳಿಯುವ ಅಪ್ಸರೆ, ಗೋಡೆ ದಾಟಿ ಮಾಯವಾಗುವ ಮಾಟಗಾರ, ಸತ್ತು ತೇಲಿ ಬರುವ ಹೆಂಡತಿ, ಇವರೆಲ್ಲ ಅವನ ಹಗ್ಗದ ತುದಿಯಲ್ಲಿದ್ದವರು. ಅವನು ಕೂರುತ್ತಿದ್ದದ್ದು ಸ್ಟೇಜಿನ ಮೇಲಿನ ಅಟ್ಟದಲ್ಲಿ. ಕೆಳಗೆ ದೊರೆಯಂತೆ ಮೆರೆಯುವ ನಟರ ಬೊಕ್ಕತಲೆ ಮೊದಲು ಕಾಣುತ್ತಿದ್ದದ್ದು ಅವನಿಗೇ. ಭಾರಿ ಮೈಯ ರಾಜನ ಪಾತ್ರಧಾರಿ ಒಮ್ಮೆ ನಡು ಗಾಳಿಯಲ್ಲಿ ಸಿಕ್ಕಿಹಾಕಿಕೊಂಡಾಗ, ಕೆಳಗಿಳಿಸುವ ತನಕ ಬೇರೆ ನಾಟಕದ ಮಾತನ್ನೆಲ್ಲ ಹೇಳಿ ಹೊತ್ತು ಕಳೆದನಂತೆ. ಆ ಕಥೆಯನ್ನು ಜಗ್ಗಣ್ಣ ಹೇಳುತ್ತಿದ್ದ ಕಾಲವೊಂದಿತ್ತು, ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಕಾಲ.

ಈ ವಿದ್ಯೆಯನ್ನು ಅವನಿಗೆ ಕಲಿಸಿದ್ದು ಹಳೇ ಮೇಸ್ತ್ರಿ. ಆ ಮುದುಕನ ಕೈಕೆಳಗೆ ಗಂಟು ಹಾಕುವುದು, ರಾಟೆಗೆ ಎಣ್ಣೆ ಬಿಡುವುದು, ಮರಳಿನ ಮೂಟೆ ತೂಗಿ ಸಮತೂಕ ಮಾಡುವುದು, ಎಲ್ಲ ಕಲಿತ. ಮೇಸ್ತ್ರಿಯ ಒಂದು ಕಟ್ಟುಪಾಡಿತ್ತು. ಹಗ್ಗ ಕಟ್ಟಿದವನೇ ಮೊದಲು ತೂಗಬೇಕು. ಪ್ರತಿ ಆಟದ ದಿನ ಪ್ರೇಕ್ಷಕರಿಗೆ ಬಾಗಿಲು ತೆಗೆಯುವ ಮುಂಚೆ, ತಂಡದವರೆಲ್ಲ ಸ್ಟೇಜಿನ ಮೇಲೆ ನಿಂತಿರುವಾಗ, ಕಟ್ಟಿದವನು ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಮೇಲೆ ಹೋಗಿ, ಒಂದು ಸುತ್ತು ಹಾರಿ ಇಳಿಯಬೇಕು. ಆಮೇಲೆಯೇ ನಟರು. ಒಬ್ಬರಾದರೂ ಇದನ್ನು ತಪ್ಪಿಸಿದ್ದನ್ನು ಆ ಥಿಯೇಟರು ನೋಡಿರಲಿಲ್ಲ.

"ಹಗ್ಗ ಗಟ್ಟಿ ಇದೆಯಾ ಅಂತ ನೋಡೋಕೆ ಮೂಟೆ ಸಾಕಲ್ವಾ ಮೇಸ್ತ್ರಿ?" ಎಂದು ಜಗ್ಗಣ್ಣ ಹೊಸದರಲ್ಲಿ ಕೇಳಿದ್ದ.

ಮುದುಕ ಬೀಡಿ ಆರಿಸಿ ಹೇಳಿದ, "ಲೋ ಪೆದ್ದ, ತೂಗೋದು ಹಗ್ಗ ನೋಡೋಕಲ್ಲ ಕಣೋ. ನಿನ್ನ ನೋಡ್ಕೊಳ್ಳೋಕೆ. ಮೇಲೆ ಹೋದಾಗ ಹೊಟ್ಟೆಯೊಳಗೆ ಒಂದು ಚೂರು ಕಲಸಿದ ಹಾಗಾಯ್ತು ಅಂದ್ರೂ ಇಳಿದು ಬಂದು ಬಾಯಿ ಬಿಟ್ಟು ಹೇಳ್ಬೇಕು. ಅವತ್ತು ಆಟ ನಿಲ್ಲುತ್ತೆ. ಯಜಮಾನ ಬೈತಾನೆ, ಬೈಸ್ಕೋಬೇಕು."

ಜಗ್ಗಣ್ಣ ಮೊದಲ ಸಲ ತೂಗಿದ್ದು ದರ್ಜಿ ಹುಡುಗಿಯೊಬ್ಬಳು ಹೊಲಿದ ಪಟ್ಟಿಯಲ್ಲಿ. ಥಿಯೇಟರಿನ ವೇಷಭೂಷಣವೆಲ್ಲ ಅವಳ ಕೈಯದ್ದು. ಅಳತೆ ತೆಗೆಯುವಾಗ ಅವಳು ತಲೆ ಎತ್ತದೆ, "ಸ್ವಲ್ಪ ಊಟ ಮಾಡ್ರಿ, ಪಟ್ಟಿ ಜಾರಿ ನೀವೊಬ್ರೇ ಕೆಳಗೆ ಬರ್ತೀರಾ" ಎಂದಿದ್ದಳು. ಅವಳ ಅಡುಗೆಯನ್ನೇ ಊಟ ಮಾಡುವ ಏರ್ಪಾಡು ವರ್ಷ ತಿರುಗುವುದರೊಳಗೆ ಆಯಿತು. ಅವಳ ತಮ್ಮ ಅಟ್ಟದಲ್ಲಿ ಚಕ್ರ ತಿರುಗಿಸುವ ಕೆಲಸಕ್ಕೆ ಸೇರಿ, ಕೆಲಸದಲ್ಲೂ ಮನೆಯಲ್ಲೂ "ಭಾವಾ, ಭಾವಾ" ಎಂದು ಹಿಂದೆ ಬಿದ್ದ. ಒಬ್ಬಳೇ ಮಗಳು ಹುಟ್ಟಿದಳು. ಮಗು ನಡೆಯುವುದನ್ನು ಕಲಿತದ್ದು ನೆಲದ ಮೇಲೋ ಹಗ್ಗದ ಮೇಲೋ ಎಂದು ತಂಡದವರು ತಮಾಷೆ ಮಾಡುತ್ತಿದ್ದರು. ರಿಹರ್ಸಲ್ ಮುಗಿದ ಮೇಲೆ ಅಪ್ಪ ಅವಳನ್ನು ಪಟ್ಟಿಯಲ್ಲಿ ಕೂರಿಸಿ ಖಾಲಿ ಕುರ್ಚಿಗಳ ಮೇಲೆ ತೇಲಿಸುತ್ತಿದ್ದ. ಅವಳು ಕಿರುಚುತ್ತಿದ್ದದ್ದು ಇಳಿಸುವಾಗ ಮಾತ್ರ. ಬೆಳೆದು ನಟಿಯಾದಳು, ಹಾರುವ ಪಾತ್ರಗಳೆಲ್ಲ ಅವಳವೇ ಆದವು.

ಹೀಗೆ ಹಾಯಾಗಿದ್ದವರ ಬದುಕಿಗೆ ಕೇಡು ಬಂದದ್ದು ಬೆಳಕಿನ ರೂಪದಲ್ಲಿ. ಥಿಯೇಟರಿನ ಹಳೆಯ ಹಳದಿ ದೀಪಗಳನ್ನು ಕಿತ್ತು ಹೊಸ ಎಲ್‌ಇಡಿ ದೀಪಗಳನ್ನು ಹಾಕಿಸಿದರು. ಕಂಪ್ಯೂಟರಿನಲ್ಲಿ ಒತ್ತಿದರೆ ಬೇಕಾದ ಬಣ್ಣ, ಬೇಕಾದ ಕಡೆ. ಹಳೆಯ ದೀಪಗಳು ಒಂದು ರೀತಿಯಲ್ಲಿ ಮರ್ಯಾದಸ್ಥರು, ಅವು ಕೆಲವನ್ನು ನೋಡಿಯೂ ನೋಡದಂತೆ ಇರುತ್ತಿದ್ದವು. ಹೊಸವಕ್ಕೆ ಆ ಸಂಕೋಚ ಇರಲಿಲ್ಲ. ಮೊದಲ ಆಟದಲ್ಲೇ ಜಗ್ಗಣ್ಣನ ಮಗಳು ಮೋಡದಿಂದ ಇಳಿಯುತ್ತಿದ್ದಾಗ ಬಾಲ್ಕನಿಯಿಂದ ಒಂದು ಮಗು ಗಟ್ಟಿಯಾಗಿ ಕೂಗಿತು.

"ಅಮ್ಮಾ, ದಾರ ಕಾಣ್ತಿದೆ! ಅವಳನ್ನ ದಾರದಲ್ಲಿ ಕಟ್ಟಿದಾರೆ!"

ಥಿಯೇಟರಿನ ಹಾಲಿಗೆ ಹಾಲೇ ನಕ್ಕಿತು. ನಾಟಕದಲ್ಲಿ ಆಗ ತಾಯಿ ಸತ್ತ ಸನ್ನಿವೇಶ, ಆದರೂ ನಕ್ಕಿತು. ಮಗಳು ಮೋಡದ ಪಕ್ಕದಲ್ಲಿ ತೂಗುತ್ತಾ ಆ ನಗುವಿಗೆ ಮುಖ ಕೊಟ್ಟುಕೊಂಡೇ ಮಾತು ಮುಗಿಸಿದಳು. ಅಟ್ಟದಲ್ಲಿದ್ದ ಜಗ್ಗಣ್ಣನಿಗೆ ಬಟ್ಟೆ ಬಿಚ್ಚಿ ನಿಲ್ಲಿಸಿದಂತಾಯಿತು. ಅಷ್ಟು ವರ್ಷದ ಕೆಲಸವನ್ನು ಒಂದು ಕೂಸು ಒಂದು ಮಾತಿನಲ್ಲಿ ಗುಡಿಸಿ ಹಾಕಿತ್ತು.

ಮಾರನೆಯ ದಿನ ಯಜಮಾನರು ಕರೆಸಿದರು. ಕೆಟ್ಟವರಲ್ಲ, ಆದರೆ ಹೊಸದು ಕಂಡರೆ ಹಸಿದವರಂತೆ ಆಡುವ ಮನುಷ್ಯ.

"ಜಗ್ಗಣ್ಣ, ಹಿಂದೆ ಒಂದು ದೊಡ್ಡ ಪರದೆ ಹಾಕಿಸೋಣ. ಹಾರೋದನ್ನೆಲ್ಲ ಕಂಪ್ಯೂಟರಲ್ಲಿ ಮಾಡಿಸಿ ಅದ್ರಲ್ಲಿ ಬಿಡೋಣ. ನಿನಗೂ ವಯಸ್ಸಾಯ್ತು, ಟಿಕೆಟ್ ಕೌಂಟರಲ್ಲಿ ಕೂತ್ಕೋ."

"ಪರದೆಯಲ್ಲಿ ಯಾರು ಬೇಕಾದ್ರೂ ಹಾರ್ತಾರೆ ಯಜಮಾನ್ರೇ. ಕತ್ತೆನೂ ಹಾರುತ್ತೆ."

"ಜನ ದಾರ ನೋಡಿ ನಗ್ತಾರಲ್ಲಯ್ಯ!"

"ದಾರ ಕಾಣ್ದೇ ಇದ್ರೆ?"

ಯಜಮಾನರು ಅವನ ಮುಖ ನೋಡಿದರು. "ಆ ಬೆಳಕಲ್ಲಿ ಕಾಣದ ಹಾಗೆ ಹಾರಿಸಿದ್ರೆ, ಪ್ರೇಕ್ಷಕರ ತಲೆ ಮೇಲೇ ಹಾರಿಸು. ಹೊಸ ನಾಟಕ ಅದರ ಸುತ್ತಾನೇ ಬರೆಸ್ತೀನಿ" ಎಂದರು.

ಆ ಮಾತು ಜಗ್ಗಣ್ಣನ ತಲೆ ಹೊಕ್ಕಿತು, ಹೊಕ್ಕದ್ದು ಮತ್ತೆ ಹೊರಗೆ ಬರಲಿಲ್ಲ. ಮನೆಯ ಹಿಂದಿನ ಶೆಡ್ಡು ಅವನ ಲೋಕವಾಯಿತು. ತಂತಿ ತೆಳ್ಳಗಿರಬೇಕು, ಹೊಳೆಯಬಾರದು. ತೆಳ್ಳನೆಯ ಉಕ್ಕಿನ ತಂತಿಗೇನೂ ಬರವಿರಲಿಲ್ಲ. ಹೊಳಪೇ ಜೀವ ತಿಂದಿತು. ಬಣ್ಣ ಬಳಿದರೆ ರಾಟೆಯ ಮೇಲೆ ಉರುಳಿದಾಗ ಚಕ್ಕೆ ಎದ್ದು ಹೋಗುತ್ತಿತ್ತು. ಮಸಿ ಎಣ್ಣೆ ಕಲಸಿ ಹಚ್ಚಿದರೆ ಹೆಂಡತಿ ಹೊಲಿದ ಬಿಳಿ ರೆಕ್ಕೆಗೆಲ್ಲ ಮೆತ್ತಿಕೊಂಡು ಅವಳಿಂದ ಸಹಸ್ರನಾಮ ಆಯಿತು. ಕೊನೆಗೆ ಲೋಹಕ್ಕೆ ಮೆರುಗು ಕೊಡುವ ಅಂಗಡಿಯವನೊಬ್ಬ ಆಸಿಡ್ ಬೆರೆಸಿದ ಒಂದು ದ್ರಾವಣ ಹೇಳಿಕೊಟ್ಟ. ಅದರಲ್ಲಿ ಅದ್ದಿಟ್ಟರೆ ಉಕ್ಕು ತಾನಾಗಿ ಕಪ್ಪಗಾಗುತ್ತದೆ.

"ಜಾಸ್ತಿ ಹೊತ್ತು ಬಿಡಬೇಡಿ ಅಣ್ಣ. ಉಕ್ಕಿಗೆ ಸಿಡುಕು ಸ್ವಭಾವ ಬಂದುಬಿಡುತ್ತೆ. ಯಾವಾಗ ಏನು ಮಾಡುತ್ತೋ ಹೇಳೋಕಾಗಲ್ಲ" ಎಂದೂ ಹೇಳಿದ್ದ.

ಸ್ವಲ್ಪ ಹೊತ್ತು ಅದ್ದಿದರೆ ಬೂದು. ಇನ್ನಷ್ಟು ಬಿಟ್ಟರೆ ಮಬ್ಬುಗಪ್ಪು. ಜಗ್ಗಣ್ಣನಿಗೆ ಬೇಕಾದದ್ದು ಅದಕ್ಕೂ ಆಚೆಯದು. ಅದು ಸಿಕ್ಕಿದ ದಿನ ಅವನು ಶೆಡ್ಡಿನ ತೊಲೆಗೆ ತಂತಿ ಕಟ್ಟಿ, ಥಿಯೇಟರಿನಿಂದ ತಂದ ಹೊಸ ದೀಪವನ್ನು ನೇರ ಅದರ ಮೇಲೆ ಬಿಟ್ಟು, ಬಾಗಿಲಲ್ಲಿ ನಿಂತು ನೋಡಿದ. ತಂತಿ ಇರಲಿಲ್ಲ. ಇದ್ದದ್ದು ಗಾಳಿಯಲ್ಲಿ ನಿಂತ ಮರಳಿನ ಮೂಟೆ. ಅವನಿಗೆ ಮೈಯೆಲ್ಲ ಜುಮ್ಮೆಂದಿತು. ಹೆಂಡತಿಯನ್ನು ಕೈ ಹಿಡಿದು ಎಳೆದುಕೊಂಡು ಬಂದು ತೋರಿಸಿದ.

ಅವಳು ಬಹಳ ಹೊತ್ತು ನೋಡಿದಳು. "ಚೆನ್ನಾಗಿದೆ ರೀ" ಎಂದಳು. ಆಮೇಲೆ, "ನನಗೆ ಯಾಕೋ ನೋಡೋಕೆ ಹೆದರಿಕೆ ಆಗುತ್ತೆ" ಎಂದಳು.

ಹೆದರಬೇಕಾದದ್ದು ಬೇರೆ ಇತ್ತು. ಮಗಳ ತೂಕದ ಮೂಟೆಯನ್ನು ಜೋಡಿ ತಂತಿ ದಿನವಿಡೀ ಹೊರುತ್ತಿತ್ತು, ಒಂದಿಷ್ಟೂ ಗೊಣಗುತ್ತಿರಲಿಲ್ಲ. ಜಗ್ಗಣ್ಣ ತನ್ನ ತೂಕದ ಮೂಟೆಯನ್ನೂ ಕಟ್ಟಿ ನೋಡಿದ. ಅವನ ತೂಕವೆಂದರೆ ಮಗಳ ತೂಕದ ಹತ್ತಿರ ಹತ್ತಿರ ಎರಡರಷ್ಟು, ಹೆಂಡತಿಯ ಅಡುಗೆ ಅಷ್ಟು ವರ್ಷ ಸುಮ್ಮನೆ ಹೋಗಿರಲಿಲ್ಲ. ತಂತಿ ಅದನ್ನೂ ಹೊತ್ತಿತು. ಹಿಗ್ಗಿದ. ಮರುದಿನ ಅದೇ ತಂತಿಗೆ ಮಗಳ ತೂಕದ ಹಗುರ ಮೂಟೆ ಕಟ್ಟಿ ಒಳಗೆ ಟೀ ಕುಡಿಯುತ್ತಿದ್ದಾಗ ಧಡ್ ಎಂದಿತು. ಓಡಿಹೋಗಿ ನೋಡಿದರೆ ಶೆಡ್ಡಿನ ತುಂಬ ಮರಳು. ತಂತಿಯ ತುದಿಗಳು ಗಾಜಿನಂತೆ ಚಕ್ಕನೆ ಮುರಿದಿದ್ದವು.

ಮತ್ತೆ ಹೊಸ ತಂತಿ ಅದ್ದಿ, ಮತ್ತೆ ಅದೇ ಪರೀಕ್ಷೆ ಮಾಡಿದ. ಮತ್ತೆ ಅದೇ ಆಯಿತು. ಹಗುರವನ್ನಷ್ಟೇ ಹೊತ್ತ ತಂತಿ ಹಗುರವನ್ನು ಹೊರುತ್ತಲೇ ಇರುತ್ತದೆ. ಒಮ್ಮೆ ಭಾರ ಹೊತ್ತದ್ದು ಹೊರಗಿನಿಂದ ಹಾಗೇ ಇರುತ್ತದೆ, ಒಳಗೆ ಸತ್ತಿರುತ್ತದೆ, ಆಮೇಲೆ ಗುಬ್ಬಿ ಕೂತರೂ ಹೋಗಬಹುದು. ಜಗ್ಗಣ್ಣ ಮರಳು ಗುಡಿಸಿ, ತುಂಡುಗಳನ್ನು ಹಳೆಯ ಡಬ್ಬಕ್ಕೆ ಹಾಕಿ ಮುಚ್ಚಳ ಬಿಗಿದ. ಏನು ಸದ್ದು ಎಂದು ಕೇಳಿದ ಹೆಂಡತಿಗೆ ಮೂಟೆಯ ಹೊಲಿಗೆ ಬಿಚ್ಚಿತು ಎಂದ. ಹೊಲಿಗೆ ಹಾಕಿದ್ದವಳು ಅವಳೇ.

ಅಲ್ಲಿಗೆ ಅವನು ತನಗೆ ತಾನೇ ಒಂದು ತೀರ್ಮಾನ ಹೇಳಿಕೊಂಡ. ತಂತಿಯಲ್ಲಿ ದೋಷವಿಲ್ಲ. ಮಗಳಿಗಾಗಿ ಮಾಡಿದ ತಂತಿ, ಮಗಳೇ ಹಾರಬೇಕು, ಅಷ್ಟೆ. ಬೇರೆ ಯಾರೂ, ತಾನಂತೂ, ಅದರ ಮೇಲೆ ಭಾರ ಹಾಕಬಾರದು. ಕಟ್ಟಿದವನು ಮೊದಲು ತೂಗುವ ಕಟ್ಟುಪಾಡನ್ನು ಈ ಒಂದು ತಂತಿಯ ಮಟ್ಟಿಗೆ ಬಿಡಬೇಕು. ಹಾಗೆಂದು ಹೊರಗೆ ಹೇಳುವಂತಿರಲಿಲ್ಲ. ಕಟ್ಟಿದವನೇ ತೂಗಲಾಗದ ತಂತಿ ಎಂದು ತಿಳಿದರೆ ಯಜಮಾನರು ಅಂದೇ ಪರದೆ ತರಿಸುತ್ತಾರೆ.

ರಿಹರ್ಸಲ್‌ಗಳಲ್ಲಿ ಸೊಂಟ ನೋವು ಎಂದ. ಮಗಳ ತೂಕದ ಮೂಟೆಯನ್ನು ಮೊದಲು ಹಾರಿಸಿ, ಆಮೇಲೆ ಮಗಳನ್ನು ಕಳಿಸಿದ. ಅವಳು ಆ ಬಿಳಿ ಬೆಳಕಿನಲ್ಲಿ ಸ್ಟೇಜಿನಿಂದ ಹೊರಟು, ಹಾಲಿನ ಸೂರಿಗೆ ಹಾಕಿದ ಹಳಿಯ ಗುಂಟ ಕುರ್ಚಿಗಳ ಮೇಲೆಲ್ಲ ತೇಲಿ ಬಂದಾಗ ಕೆಳಗೆ ನಿಂತವರು ಉಸಿರು ಬಿಡಲಿಲ್ಲ. ಮೇಕಪ್ಪಿನವನು ಅತ್ತೇಬಿಟ್ಟ. ಆದರೆ ಹಳೆಯ ನಟರು ಕಿವಿ ಕಿವಿ ಕಚ್ಚಿಕೊಳ್ಳತೊಡಗಿದರು. ಜಗ್ಗಣ್ಣ ತೂಗುತ್ತಿಲ್ಲ, ಮೂಟೆಗೆ ತೂಗುವ ಕೆಲಸ ಕೊಟ್ಟಿದ್ದಾನೆ.

ಆ ಮಾತು ಮಗಳ ಕಿವಿಗೂ ಬಿತ್ತು. ಅವಳಿಗೆ ಅಪ್ಪನ ಮೇಲೆ ಎಳ್ಳಷ್ಟೂ ಅನುಮಾನ ಬರಲಿಲ್ಲ, ಆಡಿಕೊಂಡವರ ಮೇಲೆ ಸಿಟ್ಟು ಬಂತು. ಆ ಸಿಟ್ಟು ಪ್ರೀತಿಯದು. ಕೇಡೆಲ್ಲ ಅಲ್ಲಿಂದ ಶುರುವಾಯಿತು.

ಹೊಸ ನಾಟಕದ ಮೊದಲ ಪ್ರದರ್ಶನ ಮಧ್ಯಾಹ್ನದ ಆಟ. ಬಾಗಿಲು ತೆಗೆಯುವ ಮುಂಚೆ ತಂಡದವರು ಎಂದಿನಂತೆ ಸ್ಟೇಜಿನ ಮೇಲೆ ಸೇರಿದರು. ಆ ದಿನ ಯಜಮಾನರ ಜೊತೆ ಪತ್ರಿಕೆಯವರೂ ಬೇರೆ ಥಿಯೇಟರಿನ ದೊಡ್ಡವರೂ ಇದ್ದರು. ಜಗ್ಗಣ್ಣ ಮೂಟೆ ಕಟ್ಟಲು ಬಗ್ಗಿದಾಗ ಮಗಳು ಅವನ ಮುಂದೆ ಬಂದು ನಿಂತಳು. ಅವಳ ಕೈಯಲ್ಲಿ ಅವನ ಹಳೆಯ ಪಟ್ಟಿ ಇತ್ತು.

"ಅಪ್ಪಾ, ಅಮ್ಮ ಇದನ್ನ ಸಡಿಲ ಮಾಡಿ ಹೊಲಿದು ಕೊಟ್ಟಿದಾಳೆ. ನಿನ್ನ ಹೊಟ್ಟೆ ಈಗ ಹಿಡಿಸುತ್ತೆ" ಎಂದು ನಕ್ಕಳು. ಆಮೇಲೆ ತಗ್ಗಿದ ದನಿಯಲ್ಲಿ, "ಒಂದೇ ಸಲ ತೂಗಿಬಿಡಪ್ಪ. ಇವರ ಬಾಯಿ ಮುಚ್ಚಲಿ. ನನ್ನಪ್ಪನ ಬಗ್ಗೆ ಇವರು ಆಡ್ಕೊಳ್ಳೋದು ನನಗೆ ಕೇಳೋಕಾಗಲ್ಲ" ಎಂದಳು.

"ಸೊಂಟ ಕಣಮ್ಮಾ..."

"ಹೋದ ವಾರ ನೀರಿನ ಡ್ರಮ್ಮು ಎತ್ತಿದ್ಯಲ್ಲ?"

ತಂಡದವರು ನಕ್ಕರು. ಭಾವಮೈದುನ ಅಟ್ಟದಿಂದ ತಲೆ ಹೊರಹಾಕಿ, "ಬನ್ನಿ ಭಾವಾ, ನಿಮ್ಮನ್ನ ಎತ್ತಿ ಬಹಳ ದಿನ ಆಯ್ತು. ನನ್ನ ತೋಳು ತುಕ್ಕು ಹಿಡಿದಿದೆ" ಎಂದು ಕೂಗಿದ. ಯಜಮಾನರು ಅತಿಥಿಗಳಿಗೆ ಈ ಕಟ್ಟುಪಾಡಿನ ಕಥೆಯನ್ನು ಆಗಲೇ ಹೆಮ್ಮೆಯಿಂದ ಹೇಳತೊಡಗಿದ್ದರು. ಅವರ ಕ್ಯಾಮೆರಾಗಳು ಮೇಲೆದ್ದವು.

ಹೇಳಬೇಕಾದ ಮಾತು ಬಹಳ ಚಿಕ್ಕದು. ಈ ತಂತಿ ನನ್ನ ಭಾರಕ್ಕಲ್ಲ. ಅಷ್ಟು ಹೇಳಿದ್ದರೆ ಸಾಕಿತ್ತು. ಜಗ್ಗಣ್ಣನ ನಾಲಿಗೆ ತುದಿಗೆ ಅದು ಬಂತು. ಅದರ ಹಿಂದೆಯೇ ಬಾಲ್ಕನಿಯ ಆ ನಗುವೂ ಬಂತು, ದೊಡ್ಡ ಪರದೆಯೂ ಬಂತು, ಟಿಕೆಟ್ ಕೌಂಟರಿನ ಕುರ್ಚಿಯೂ ಬಂತು. ಅವನು ಮಗಳ ಕೈಯಿಂದ ಪಟ್ಟಿ ತೆಗೆದುಕೊಂಡ.

ಮೇಲೆ ಹೋದ. ಹಾಲಿನ ನಡುವಿಗೆ ಬಂದಾಗ ಸೊಂಟದ ಪಕ್ಕಕ್ಕೆ ನೋಡಿದ, ಕೈಯಳತೆಯಲ್ಲಿದ್ದ ತಂತಿ ಅವನ ಕಣ್ಣಿಗೇ ಕಾಣಲಿಲ್ಲ. ಆ ಒಂದು ಗಳಿಗೆ ಅವನಿಗೆ ಎಂಥ ಸುಖ! ಎಲ್ಲ ಭಯ ಮರೆತು, ತಾನು ಮಾಡಿದ್ದನ್ನು ತಾನೇ ಬಾಯಿ ಬಿಟ್ಟು ನೋಡಿದ. ಆಗ ಎಡಗಡೆಯ ತಂತಿಯಲ್ಲಿ ಒಂದು ಸಣ್ಣ ಸದ್ದು, ಉಗುರು ಮುರಿದಷ್ಟು. ಅದು ಅವನ ಸೊಂಟದ ಮೂಳೆಗೆ ಕೇಳಿಸಿತು, ಬೇರೆ ಯಾರಿಗೂ ಕೇಳಿಸಲಿಲ್ಲ. ಹೊಟ್ಟೆಯೊಳಗೆ ಕಲಸಿ ಬಂತು.

ಇಳಿದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಆಡಿಕೊಂಡಿದ್ದ ಹಳೆಯ ನಟರೇ ಮುಂದೆ ಬಂದು ಬೆನ್ನು ತಟ್ಟಿದರು. ಮಗಳ ಮುಖ ಹೊಳೆಯುತ್ತಿತ್ತು.

"ಹೇಗಿದೆಯಪ್ಪಾ?"

"ಸರಿಯಾಗಿದೆ ಕಣಮ್ಮ."

ಸರಿಯಿಲ್ಲವೆಂದು ತಿಳಿದೂ ಹೇಳಿದ. ಆದರೆ ಮನಸ್ಸಿನಲ್ಲಿ ದಾರಿ ಹುಡುಕಿಕೊಂಡಿದ್ದ. ಅಟ್ಟದ ಪೆಟ್ಟಿಗೆಯಲ್ಲಿ ಇನ್ನೊಂದು ಜೋಡಿ ತಂತಿ ಇತ್ತು, ಭಾರ ಕಾಣದ್ದು. ಇವರೆಲ್ಲ ಚದುರಿದ ಕೂಡಲೇ ತಂತಿ ಕಟ್ಟಿದ ಹಳಿಯ ಗಾಡಿಯನ್ನು ಇಳಿಸಿ, ಯಾರಿಗೂ ಹೇಳದೆ ಬದಲಿಸಿಬಿಟ್ಟರಾಯಿತು. ಯಾರ ಮರ್ಯಾದೆಯೂ ಹೋಗುವುದಿಲ್ಲ, ಯಾರ ಜೀವವೂ ಹೋಗುವುದಿಲ್ಲ. ಏಣಿಯ ಕಡೆ ಹೆಜ್ಜೆ ಹಾಕಿದ. ಅಷ್ಟರಲ್ಲಿ ಯಜಮಾನರು ಅವನ ಹೆಗಲಿಗೆ ಕೈ ಹಾಕಿದರು.

"ಇವನೇ ನೋಡಿ ನಮ್ಮ ಜಗ್ಗಣ್ಣ. ಕೇಳಿ, ಕೇಳಿ, ಗುಟ್ಟು ಬಿಡಲ್ಲ ಅವನು."

ಪತ್ರಿಕೆಯ ಹೆಂಗಸು ಕೇಳಿದಳು, ಇಷ್ಟು ಬೆಳಕಿನಲ್ಲಿ ತಂತಿ ಎಲ್ಲಿ ಹೋಯಿತು ಎಂದು. ಜೀವಮಾನದಲ್ಲಿ ಮೊದಲ ಬಾರಿಗೆ ಯಾರೋ ಅವನ ಕೆಲಸದ ಬಗ್ಗೆ ಅವನನ್ನೇ ಕೇಳುತ್ತಿದ್ದರು. ಒಂದು ಮಾತು ಹೇಳಿ ಹೊರಡೋಣ ಎಂದುಕೊಂಡ. ಬಣ್ಣ ಹಚ್ಚಿ ಸೋತದ್ದು ಹೇಳಿದ. ಮಸಿ ಹಚ್ಚಿ ಬೈಸಿಕೊಂಡದ್ದು ಹೇಳಿದ, ಅವರು ನಕ್ಕರು. ಅವರು ನಕ್ಕಂತೆ ಇನ್ನೊಂದು ಹೇಳಿದ. ಮಾತಾಡುತ್ತಲೇ ಹಿಂದೆ ಬೆಲ್ಲು ಹೊಡೆದದ್ದು ಕೇಳಿಸಿತು. ತಿರುಗಿ ನೋಡುವಾಗ ಬಾಗಿಲುಗಳು ತೆರೆದಿದ್ದವು, ಜನ ನುಗ್ಗಿ ಸೀಟು ಹುಡುಕುತ್ತಿದ್ದರು.

ಇನ್ನು ಗಾಡಿ ಇಳಿಸಿದರೆ ಎಲ್ಲರ ಕಣ್ಣೆದುರಿಗೆ ಇಳಿಸಬೇಕು. ಆ ತಂತಿಯನ್ನು, ಆ ಜೋಡಣೆಯನ್ನು, ಇಡೀ ಹಾಲು ಕೈ ತೋರಿಸಿ ನೋಡುತ್ತದೆ. ಇಲ್ಲವೆ, ಹಾರುವ ದೃಶ್ಯ ಬೇಡ ಎಂದು ಯಜಮಾನರಿಗೆ ಹೇಳಬೇಕು. ಇಲ್ಲವೆ ಮಗಳಿಗೆ.

ಮಗಳಿಗೇ ಹೇಳುತ್ತೇನೆಂದು ಗ್ರೀನ್ ರೂಮಿಗೆ ಹೋದ. ಅವಳು ಕನ್ನಡಿಯ ಮುಂದೆ ಬಿಳಿ ರೆಕ್ಕೆ ತೊಟ್ಟು ನಿಂತಿದ್ದಳು, ತಾಯಿ ಹಿಂದೆ ಕೂತು ಬೆನ್ನಿನ ಹೊಲಿಗೆ ಮುಗಿಸುತ್ತಿದ್ದಳು. ಇಬ್ಬರೂ ಏನೋ ತಮಾಷೆಗೆ ನಗುತ್ತಿದ್ದರು. ಅಪ್ಪನನ್ನು ಕನ್ನಡಿಯಲ್ಲಿ ಕಂಡು ಮಗಳು ಹುಬ್ಬು ಹಾರಿಸಿದಳು.

"ಏನಪ್ಪಾ?"

ಹೆಂಡತಿಯೂ ತಲೆ ಎತ್ತಿ ನೋಡಿದಳು. ಅವಳ ಸೂಜಿ ನಿಂತಿತು.

"ನೀರು ಕುಡಿದ್ಯಾ?" ಎಂದ ಜಗ್ಗಣ್ಣ.

"ಹೂಂ ಅಪ್ಪ, ಕುಡಿದೆ."

"ಸರಿ ಹಾಗಾದ್ರೆ" ಎಂದು ಅಟ್ಟ ಹತ್ತಿದ.

ಅವಳು ಹಾರಿದಳು. ಆ ಹಾರಾಟ ನೋಡಿದವರು ಇವತ್ತಿಗೂ ಅದರ ಮಾತಾಡುತ್ತಾರೆ. ಸ್ಟೇಜಿನ ಅಂಚಿನಿಂದ ಒಂದು ಹೆಜ್ಜೆ ಗಾಳಿಗೆ ಇಟ್ಟಳು, ಗಾಳಿ ಅವಳನ್ನು ಹೊತ್ತುಕೊಂಡಿತು. ಬೆಳಕು ಅವಳ ಸುತ್ತ ಹುಡುಕಿದರೂ ಏನೂ ಸಿಗಲಿಲ್ಲ. ಮುಂದಿನ ಸಾಲುಗಳು ಕತ್ತು ಹಿಂದಕ್ಕೆ ಹಾಕಿ ನೋಡಿದವು. ಬಾಲ್ಕನಿಯಲ್ಲಿ ಯಾವುದೋ ಮಗು, "ಅಮ್ಮಾ, ಅವಳಿಗೆ ದಾರಾನೇ ಇಲ್ಲ!" ಎಂದಿತು. ಅಟ್ಟದಲ್ಲಿ ಕೂತಿದ್ದ ಜಗ್ಗಣ್ಣನಿಗೆ ಅದು ಕೇಳಿಸಿತು. ಅವನು ಕಾದಿದ್ದ ಮಾತು ಅದು. ದೇವರೇ, ಆ ಕ್ಷಣ ಅವನ ಎದೆ ತುಂಬಿ ಬಂತು.

ಆಮೇಲೆ ಎಡ ತಂತಿ ಹೋಯಿತು. ಇಡೀ ಭಾರ ಬಲಕ್ಕೆ ಬಿತ್ತು, ಅದೂ ಹೋಯಿತು. ಬಿಳಿ ರೆಕ್ಕೆ ಒಂದು ಸುತ್ತು ತಿರುಗಿ ಕುರ್ಚಿಗಳ ನಡುವಿನ ದಾರಿಗೆ ಇಳಿಯಿತು. ದಾರವೇ ಇಲ್ಲದ ಹಕ್ಕಿ, ಅದು ಬೀಳುತ್ತದೆಂದು ಯಾರಿಗೆ ಹೊಳೆಯಬೇಕು? ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸ್ಟೇಜಿನ ಪಕ್ಕದಿಂದ ತಾಯಿ ಕಿರುಚುತ್ತಾ ಓಡಿಬರುವುದನ್ನು ಕಂಡ ಮೇಲೂ ಹಿಂದಿನ ಸಾಲುಗಳು ತಟ್ಟುತ್ತಲೇ ಇದ್ದವು.

ವಿಚಾರಣೆ ಆಯಿತು. ಜಗ್ಗಣ್ಣನ ಮೇಲೆ ಯಾರೂ ಒಂದು ಬೆರಳೂ ಎತ್ತಲಿಲ್ಲ. ಹೇಗೆ ಎತ್ತಿಯಾರು? ಕಟ್ಟಿದವನೇ ಮೊದಲು ತೂಗಿದ್ದನ್ನು ತಂಡಕ್ಕೆ ತಂಡವೇ ನೋಡಿತ್ತು, ಪತ್ರಿಕೆಯವರ ಹತ್ತಿರ ಫೋಟೋ ಇತ್ತು. ಅವಳ ಎರಡರಷ್ಟು ತೂಕದವನನ್ನು ಹೊತ್ತ ತಂತಿ ಅವಳನ್ನು ಕೈಬಿಟ್ಟಿತೆಂದರೆ ಅದು ಹಣೆಬರಹ ಎಂದರು. ಯಜಮಾನರು ಅವನ ಕೈ ಹಿಡಿದು ಅತ್ತರು. ಹಳೆಯ ನಟರು, "ನೀನೇ ತೂಗಿ ನೋಡಿದ್ಯಲ್ಲಯ್ಯ, ನಿನ್ನ ತಪ್ಪೇನಿದೆ?" ಎಂದು ಸಮಾಧಾನ ಮಾಡಿದರು. ಆ ಸಮಾಧಾನದ ಮಾತು ಕೇಳಿ ಕೇಳಿ ಅವನ ಬಾಯಿಗೆ ಬೀಗ ಬಿತ್ತು. ಶೆಡ್ಡಿನ ಡಬ್ಬವನ್ನು ಯಾರೂ ತೆಗೆದು ನೋಡಲಿಲ್ಲ.

ಹೆಂಡತಿ ಮಾತ್ರ ಒಂದೇ ಸಲ ಕೇಳಿದಳು. ಬಹಳ ದಿನಗಳ ಮೇಲೆ, ತಟ್ಟೆಗೆ ಅನ್ನ ಬಡಿಸುತ್ತಾ, ಅವನ ಮುಖ ನೋಡದೆ.

"ಅವತ್ತು ನೀರು ಕುಡಿದ್ಯಾ ಅಂತ ಕೇಳೋಕೆ ಅಷ್ಟು ದೂರ ಬಂದ್ರಾ?"

ಅವಳು ಉತ್ತರಕ್ಕೆ ಕಾಯಲಿಲ್ಲ, ಸಾರು ತರಲು ಒಳಗೆ ಹೋದಳು. ಅಂದಿನಿಂದ ಬಡಿಸುತ್ತಾಳೆ, ಬಟ್ಟೆ ಒಗೆಯುತ್ತಾಳೆ, ಆದರೆ ರೀ ಎಂದು ಕರೆಯುವುದಿಲ್ಲ.

ಮಗಳು ಬದುಕಿದಳು. ಸೊಂಟದಿಂದ ಕೆಳಗೆ ಅವಳದ್ದೆನ್ನುವುದು ಏನೂ ಉಳಿಯಲಿಲ್ಲ. ಸಂಜೆ ಹೊತ್ತು ಅವಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಪಾರ್ಕಿಗೆ ಕರೆತರುವುದು ಅಪ್ಪನ ಕೆಲಸ. ಮಕ್ಕಳು ಗಾಳಿಯಲ್ಲಿ ಮೇಲೇರುವುದನ್ನು ನೋಡುವುದೆಂದರೆ ಅವಳಿಗೆ ಇವತ್ತಿಗೂ ಇಷ್ಟ. ಕುರ್ಚಿಯನ್ನು ಉಯ್ಯಾಲೆಗಳ ಎದುರಿಗೆ ನಿಲ್ಲಿಸಿ, ಅವಳ ಕಾಲ ಮೇಲಿನ ಹೊದಿಕೆ ಸರಿಮಾಡಿ, ಜಗ್ಗಣ್ಣ ಸರಪಳಿಗಳ ಹತ್ತಿರ ಹೋಗುತ್ತಾನೆ.

ಹೋದ ವಾರ ಹೊಸದಾಗಿ ಬಂದ ಪುಟ್ಟ ಹುಡುಗಿಯೊಬ್ಬಳು ಉಯ್ಯಾಲೆ ಹತ್ತಲು ಹೆದರಿ ಅಳುತ್ತಿದ್ದಳು. ಜಗ್ಗಣ್ಣನ ಮಗಳು ಅವಳನ್ನು ಹತ್ತಿರ ಕರೆದು, ಕೆನ್ನೆ ಒರೆಸಿದಳು.

"ಹೆದರ್ಕೋಬೇಡ ಕಂದಾ. ಅಲ್ಲಿ ನಿಂತಿದಾರಲ್ಲ, ಅವರು ನಮ್ಮಪ್ಪ. ಅವರು ಸರಿಯಾಗಿದೆ ಅಂದ್ರೆ ಸರಿಯಾಗೇ ಇರುತ್ತೆ. ಕಣ್ಣು ಮುಚ್ಕೊಂಡು ಕೂತ್ಕೋ."

ಮಗು ಕಣ್ಣೊರೆಸಿಕೊಂಡು ಓಡಿಹೋಗಿ ಹಲಗೆ ಹತ್ತಿ ಕೂತಿತು, ಕತ್ತೆತ್ತಿ ಅವನನ್ನು ನೋಡಿತು.

"ತಾತ, ಸರಿಯಾಗಿದೆಯಾ?"

ಜಗ್ಗಣ್ಣ ಸರಪಳಿ ಹಿಡಿದುಕೊಂಡು ನಿಂತೇ ಇದ್ದ. ಹಿಂದೆ ಮಕ್ಕಳ ಸಾಲು ಉದ್ದವಾಗುತ್ತಿತ್ತು. ಮಗಳು ಗಾಲಿಕುರ್ಚಿಯಲ್ಲಿ ಕೂತು ನಗುತ್ತಾ, ಅಪ್ಪ ಏನು ಹೇಳುತ್ತಾನೋ ಎಂದು ನೋಡುತ್ತಿದ್ದಳು.